ಮೆಸೇಜ್ ಬ್ರೋಕರ್ ವಿಳಂಬದ ಅಂದಾಜು: ಸೂತ್ರವೋ, ಸಿಮ್ಯುಲೇಶನ್ನೋ?

ಮೆಸೇಜ್ ಬ್ರೋಕರ್ ಎಂದರೆ ಪ್ರೋಗ್ರಾಮುಗಳ ನಡುವೆ ಸಂದೇಶ ಸಾಗಿಸುವ ತಂತ್ರಾಂಶ. ಅದರಲ್ಲಿ ಒಂದೇ ಕ್ಯೂ (ಸಂದೇಶಗಳ ಸರದಿ), ಒಂದೇ ಕನ್ಸ್ಯೂಮರ್ (ಸಂದೇಶ ಪಡೆದು ಕೆಲಸ ಮುಗಿಸುವ ಪ್ರೋಗ್ರಾಮ್) ಇದ್ದರೆ ಎಂ/ಎಂ/1 ಸೂತ್ರದಿಂದ ಶುರು ಮಾಡಿ; ಸಂದೇಶಗಳ ಬರವೂ ಸೇವಾ ಸಮಯವೂ ಯಾದೃಚ್ಛಿಕ ಎಂದಿಟ್ಟುಕೊಂಡ ಸರದಿ ಲೆಕ್ಕ ಅದು. ಕನ್ಸ್ಯೂಮರ್ ಸೆಕೆಂಡಿಗೆ ಸರಾಸರಿ 1000 ಸಂದೇಶ ಮುಗಿಸುತ್ತದೆ, 800 ಬರುತ್ತಿವೆ ಎಂದಾದರೆ ಸರಾಸರಿ ವಿಳಂಬ (ಕಾಯುವಿಕೆ, ಸೇವೆ ಎರಡೂ ಸೇರಿ) 1/(1000−800) ಸೆಕೆಂಡು, ಅಂದರೆ 5 ಮಿಲಿಸೆಕೆಂಡು. ಒಳಹರಿವು 950ಕ್ಕೇರಿದರೆ ಅದು 20. ಎಡವುವುದು ಇಲ್ಲೇ: ಲೋಡ್ ಶೇ. 20ರಷ್ಟೂ ಏರಿಲ್ಲ, ವಿಳಂಬ ಮಾತ್ರ ನಾಲ್ಕು ಪಟ್ಟು.

ಕಾಫ್ಕಾ ಎಂಬ ಬ್ರೋಕರ್‌ಗೆ ಈ ಸೂತ್ರ ಒಗ್ಗದು. ಅಲ್ಲಿ ಪ್ರೊಡ್ಯೂಸರ್ (ಸಂದೇಶ ಕಳಿಸುವ ಪ್ರೋಗ್ರಾಮ್) ಸಂದೇಶಗಳನ್ನು ಬ್ಯಾಚ್ ಕಟ್ಟಿ ಕಳಿಸುತ್ತದೆ. ರೆಪ್ಲಿಕಾಗಳ (ಬೇರೆ ಸರ್ವರ್‌ಗಳಲ್ಲಿನ ನಕಲುಗಳ) ಒಪ್ಪಿಗೆಗೆ ಕಾಯುವುದು, ಗಾರ್ಬೇಜ್ ಕಲೆಕ್ಷನ್ನಿನ (ಬಳಕೆಯಿಲ್ಲದ ಮೆಮೊರಿ ತೆರವಿನ) ತಡೆ ಯಾವುದೂ ಸೂತ್ರದೊಳಗಿಲ್ಲ. ಅಲ್ಲಿ ಡಿಸ್ಕ್ರೀಟ್ ಇವೆಂಟ್ ಸಿಮ್ಯುಲೇಶನ್ನೇ (ಒಂದೊಂದು ಘಟನೆಯನ್ನೂ ಕಂಪ್ಯೂಟರಿನಲ್ಲಿ ಅನುಕರಿಸಿ ನೋಡುವುದೇ) ಸರಿ. ಅದಕ್ಕೆ ಸೇವಾ ಸಮಯದ ಬರೀ ಸರಾಸರಿ ಸಾಲದು, ಅಳೆದ ಪೂರ್ತಿ ಹಂಚಿಕೆ ಕೊಡಿ. ಇಲ್ಲವಾದರೆ 99ನೇ ಪರ್ಸೆಂಟೈಲ್ (ಶೇ. 99 ಸಂದೇಶಗಳ ವಿಳಂಬ ಮೀರದ ಮಿತಿ) ನಂಬುವಂತಿರುವುದಿಲ್ಲ. ಸಿಮ್ಯುಲೇಶನ್ನಿನಲ್ಲಿ ಕ್ಯೂ ಖಾಲಿಯಿದ್ದ ಆರಂಭದ ಭಾಗವನ್ನು ಲೆಕ್ಕದಿಂದ ಬಿಡಿ.

ಎಷ್ಟು ಕನ್ಸ್ಯೂಮರ್ ಬೇಕೆಂಬುದಷ್ಟೇ ಪ್ರಶ್ನೆಯಾದರೆ ಇಷ್ಟೆಲ್ಲ ಬೇಡ, ಹಲವು ಕನ್ಸ್ಯೂಮರ್‌ಗಳಿಗೆ ಹೊಂದುವ ಇಂಥದೇ ಸೂತ್ರ ಸಾಕು.