ನಲವತ್ತು ಎಲೆಯ ಊಟಕ್ಕೆ ಮನೆಗೆ ಬರುವ ಅಡಿಗೆಯವರು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ನೀರ್ಚಾಲು, ಪೆರ್ಲ, ಕುಂಬಳೆಯ ಸುತ್ತಮುತ್ತ ಸಣ್ಣ ಸಮಾರಂಭಗಳಿಗೆ ಮನೆಗೇ ಬಂದು ಅಡಿಗೆ ಮಾಡಿಕೊಡುವ ತಂಡಗಳು ಹಲವು ಇವೆ. ಹೆಚ್ಚಿನವುಗಳಿಗೆ ಬೋರ್ಡಿಲ್ಲ, ಹೆಸರೂ ಇಲ್ಲ. ಒಬ್ಬ ಮುಖ್ಯ ಅಡಿಗೆಯವರು, ಅವರ ಕೈಕೆಳಗೆ ಒಬ್ಬಿಬ್ಬರು ಸಹಾಯಕರು, ಬಾಯಿಂದ ಬಾಯಿಗೆ ಸಾಗುವ ಒಂದು ಫೋನ್ ನಂಬರು, ಇಷ್ಟರಲ್ಲೇ ವ್ಯವಹಾರ ನಡೆಯುತ್ತದೆ. ನಮ್ಮ ಮನೆಯ ಒಕ್ಕಲಿಗೂ (ಗೃಹಪ್ರವೇಶಕ್ಕೂ) ಆಮೇಲಿನ ಕೆಲವು ಪೂಜೆಗಳಿಗೂ ಗೊತ್ತುಮಾಡಿದ್ದ ಇಂಥದೇ ಒಂದು ತಂಡದ ಕೆಲಸದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ನೆಂಟರು ಬರುತ್ತಾರೆಂದು ತಿಳಿದ ದಿನದಿಂದಲೇ ಎದೆ ಡವಡವ ಎನ್ನಲು ತೊಡಗುವ ನನ್ನಂಥವರು ಇಂಥವರಿಗೆ ಹಣ ಕೊಡುವುದು ಸರಿಯೇ, ಕೊಟ್ಟರೆ ಯಾವ ಕೆಲಸಕ್ಕೆ ಕೊಡಬೇಕು ಎಂಬುದಷ್ಟೇ ನನ್ನ ವಿಷಯ.

ಈ ಅಂಜಿಕೆಯ ಬೇರು ಅಂದಾಜಿನಲ್ಲಿದೆ ಎಂದು ನನ್ನ ಅಭಿಪ್ರಾಯ. ದಿನವೂ ನಾಲ್ಕು ಜನರಿಗೆ ಕೊದಿಲು (ನಮ್ಮ ಕಡೆಯ ಸಾಂಬಾರು) ಮಾಡುವ ಕೈಗೆ ಉಪ್ಪು, ಹುಳಿ, ಬೆಲ್ಲದ ಪ್ರಮಾಣ ಅಳತೆಯಿಲ್ಲದೆಯೇ ಗೊತ್ತಿರುತ್ತದೆ. ಆದರೆ ನಲವತ್ತು ಜನರಿಗೆ ಅದನ್ನೇ ಹತ್ತು ಪಾಲು ಮಾಡಿದರೆ ಲೆಕ್ಕ ತಪ್ಪುತ್ತದೆ. ದೊಡ್ಡ ಪಾತ್ರೆಯಲ್ಲಿ ನೀರು ಆ ಪ್ರಮಾಣದಲ್ಲಿ ಆವಿಯಾಗುವುದಿಲ್ಲ, ಆದ್ದರಿಂದ ಹತ್ತು ಪಾಲು ನೀರು ಹಾಕಿದ ಕೊದಿಲು ಸಾರಿನಷ್ಟು ತೆಳ್ಳಗಾಗುತ್ತದೆ. ಒಗ್ಗರಣೆಯ ಎಣ್ಣೆಯನ್ನೂ ಒಣಮೆಣಸನ್ನೂ ಹತ್ತು ಪಾಲು ಹಾಕಿದರೆ ಊಟ ಮಾಡಿದವರು ಮಜ್ಜಿಗೆಯನ್ನೇ ಹುಡುಕಬೇಕಾಗುತ್ತದೆ. ಇದಕ್ಕೆ ಸಮಯದ ಚಿಂತೆ ಸೇರುತ್ತದೆ. ಪೂಜೆ ಮುಗಿದು ಮಂಗಳಾರತಿಯಾಗುವ ಹೊತ್ತಿಗೆ ಅನ್ನ ಬಿಸಿಯಾಗಿರಬೇಕು, ಹಪ್ಪಳ ಗರಿಯಾಗಿರಬೇಕು, ಮನೆಯವಳು ಸೀರೆಯುಟ್ಟು ಹೊರಗೆ ನಿಂತು ಬಂದವರನ್ನು ಮಾತಾಡಿಸುತ್ತಲೂ ಇರಬೇಕು. ಎರಡು ಕಡೆ ಒಂದೇ ಸಲ ಇರಲು ಯಾರಿಂದಲೂ ಆಗದು.

ನಾವು ಕರೆದ ಅಡಿಗೆಯವರು ಫೋನಿನಲ್ಲಿ ಮೊದಲು ಕೇಳಿದ್ದು, "ಎಷ್ಟು ಎಲೆ ಅಕ್ಕಾ?" ಎಂದು. ದರದ ಮಾತು ಆಮೇಲೆ ಬಂತು. ಎಲೆಯ ಲೆಕ್ಕ ತಿಳಿದ ಕೂಡಲೇ ಬರುವವರು ಯಾವ ಕಡೆಯವರು ಎಂದು ವಿಚಾರಿಸಿದರು. ನಮ್ಮಲ್ಲಿ ಅರ್ಧದಷ್ಟು ಜನ ಹವ್ಯಕ ನೆಂಟರು, ಉಳಿದವರು ಯಜಮಾನರ ಕಚೇರಿಯ ಪಯ್ಯನ್ನೂರು, ಕಾಞಂಗಾಡು ಕಡೆಯ ಮಲೆಯಾಳಿ ಮಿತ್ರರು. ನನ್ನ ಅಂಜಿಕೆ ಇಮ್ಮಡಿಯಾಗಲು ಇದೂ ಒಂದು ಕಾರಣವಾಗಿತ್ತು, ಏಕೆಂದರೆ 'ಸದ್ಯ' ಎಂಬ ಮಲೆಯಾಳಿ ಹಬ್ಬದೂಟ ಉಣ್ಣುವವರಿಗೆ ಮೊದಲು ಪರಿಪ್ಪು (ಬೇಳೆಯ ತೊವ್ವೆ) ಮತ್ತು ತುಪ್ಪ, ಅನಂತರ ಸಾಂಬಾರು ಬರಬೇಕು. ನಮ್ಮವರಿಗೆ ಸಾರು ಮೊದಲು, ಕೊದಿಲು ಆಮೇಲೆ. ಅಡಿಗೆಯವರು ಇದನ್ನು ಚರ್ಚೆಯ ವಿಷಯವೆಂದೇ ಎಣಿಸಲಿಲ್ಲ. ಮೊದಲಿಗೆ ತೊವ್ವೆ ಮತ್ತು ತುಪ್ಪ ಬಡಿಸಿದರೆ ಎರಡೂ ಕಡೆಯವರಿಗೆ ಸರಿ, ಅವಿಲು (ಅವಿಯಲ್) ಇಬ್ಬರಿಗೂ ಪರಿಚಿತ, ಬೆಳ್ತಿಗೆ (ಬಿಳಿ ಅಕ್ಕಿಯ) ಅನ್ನದ ಜೊತೆಗೆ ಒಂದು ಸಣ್ಣ ಪಾತ್ರೆಯಲ್ಲಿ ಕುಚ್ಚಲಕ್ಕಿ ಅನ್ನವೂ ಇರಲಿ, ಮೇಲಾರವನ್ನು (ಮಜ್ಜಿಗೆಹುಳಿಯನ್ನು) ಮಾತ್ರ ಬಿಡುವುದು ಬೇಡ ಎಂದು ತೀರ್ಮಾನ ಕೊಟ್ಟರು. ಗಡಿಯ ಜಿಲ್ಲೆಯಲ್ಲಿ ಬಹಳ ಕಾಲ ಸೌಟು ಹಿಡಿದವರಿಗಲ್ಲದೆ ಈ ಸಲೀಸು ಬರುವುದಿಲ್ಲ.

ಈ ಸೇವೆಯಲ್ಲಿ ನಾನು ಅತಿ ಹೆಚ್ಚು ಬೆಲೆ ಕಟ್ಟುವುದು ಅವರು ಬರೆದುಕೊಡುವ ಸಾಮಾನಿನ ಚೀಟಿಗೆ. ಹತ್ತು ಜನರಿಗೆ 1 ಕಿಲೋ ಬೆಳ್ತಿಗೆ ಅಕ್ಕಿ, ನಾಲ್ಕು ಜನರಿಗೆ ಒಂದರಂತೆ ತೆಂಗಿನಕಾಯಿ, ಕಾಯಿಹಾಲಿನ ಪಾಯಸವಿದ್ದರೆ ಅದರ ಕಾಯಿ ಬೇರೆ, ಕಡಲೆಬೇಳೆಯ ಪಾಯಸಕ್ಕೆ ಬೇಳೆಯ ಎರಡರಷ್ಟು ಬೆಲ್ಲ ಎಂಬ ಲೆಕ್ಕದಲ್ಲಿ ಅವರ ಚೀಟಿ ಸಾಗುತ್ತದೆ. ಕೊನೆಯಲ್ಲಿ ಬಾಳೆಲೆ ಹತ್ತು ಹೆಚ್ಚು, ಬೆಂಕಿಪೊಟ್ಟಣ, ಹಳೆಯ ಬಟ್ಟೆ, ಹಿಡಿಸೂಡಿ ಎಂದು ನಮಗೆ ನೆನಪಾಗದ ವಸ್ತುಗಳೂ ಇರುತ್ತವೆ. ಚೀಟಿ ಕೈಗೆ ಬಂದ ದಿನವೇ ನನ್ನ ಹೆದರಿಕೆ ಅರ್ಧಕ್ಕೆ ಇಳಿದಿತ್ತು. ಅಂಗಡಿಯಲ್ಲಿ ಏನು ತರಬೇಕು, ತೋಟದಲ್ಲಿ ಏನು ಸಿಗುತ್ತದೆ, ಯಾವುದಕ್ಕೆ ಯಾರನ್ನು ಕಳುಹಿಸಬೇಕು ಎಂಬುದೆಲ್ಲ ಅದರಲ್ಲೇ ಬಗೆಹರಿಯಿತು. ಸಿಹಿ ಎರಡು ಬೇಕೆಂದು ನಾನು ಹಠ ಹಿಡಿದಾಗ, ಪಾಯಸ ಒಂದು ಸಾಕು, ಮಧೂರು ದೇವಸ್ಥಾನದ ಅಪ್ಪ ತರಿಸಿ ಎಲೆಗೆ ಒಂದೊಂದು ಬಡಿಸಿದರೆ ಪ್ರಸಾದವೂ ಆಯಿತು, ಒಲೆಯೊಂದು ಖಾಲಿಯೂ ಆಯಿತು ಎಂದರು. ಒಪ್ಪಿದೆ.

ಅಡಿಗೆಯ ಗುಣಮಟ್ಟಕ್ಕೆ ಬಂದರೆ, ಅನ್ನಕ್ಕೆ ಪೂರ್ತಿ ಅಂಕ. ದೊಡ್ಡ ಕೊಪ್ಪರಿಗೆಯಲ್ಲಿ ಧಾರಾಳ ನೀರಿಟ್ಟು, ಅಗುಳು ಇನ್ನೂ ಸ್ವಲ್ಪ ಗಟ್ಟಿಯಿರುವಾಗಲೇ ಗಂಜಿ ಬಸಿದು, ಮುಚ್ಚಿ ತನ್ನ ಬಿಸಿಯಲ್ಲೇ ಅರಳಲು ಬಿಟ್ಟ ಆ ಅನ್ನ ಕೊನೆಯ ಹಂತಿಯ (ಪಂಕ್ತಿಯ) ವರೆಗೂ ಉದುರುದುರಾಗಿಯೇ ಇತ್ತು. ಮನೆಯ ಕುಕ್ಕರಿನಲ್ಲಿ ಕಂತು ಕಂತಾಗಿ ಬೇಯಿಸಿದ ಅನ್ನಕ್ಕೆ ಈ ಗುಣ ಬಾರದು. ಪಾಯಸಕ್ಕೆ ಮೊದಲ ಕಾಯಿಹಾಲನ್ನು ಬೆಂಕಿ ಆರಿಸಿದ ಮೇಲೆ ಸೇರಿಸಿದ್ದರಿಂದ ಅದು ಒಡೆಯಲಿಲ್ಲ. ಮೇಲಾರಕ್ಕೂ ಅದೇ ಎಚ್ಚರ: ಹುಳಿಮಜ್ಜಿಗೆ ಬಿದ್ದ ಮೇಲೆ ಒಂದು ಕುದಿ ಅಂಚಿನಲ್ಲಿ ಕಾಣಿಸುತ್ತಿದ್ದಂತೆ ಇಳಿಸಿದರು. ಪಲ್ಯಕ್ಕೆ ಮಾತ್ರ ಎಣ್ಣೆ ಹೆಚ್ಚು, ಕಾಯಿತುರಿ ಕಡಿಮೆ. ಕೊದಿಲಿನ ಬಗ್ಗೆ ನನ್ನ ತಕರಾರು ಇನ್ನೂ ಸ್ವಲ್ಪ ದೊಡ್ಡದು. ರುಚಿಯಾಗಿತ್ತು ನಿಜ, ಆದರೆ ಈ ಕಡೆಯ ಹತ್ತು ಮನೆಗಳ ಜೆಂಬರದಲ್ಲಿ (ಸಮಾರಂಭದಲ್ಲಿ) ಉಂಡ ಕೊದಿಲಿಗಿಂತ ಬೇರೆಯಾಗಿರಲಿಲ್ಲ. ಕೊತ್ತಂಬರಿ, ಮೆಂತ್ಯೆ, ಮೆಣಸು ಹುರಿಯುವ ಹದ ಮನೆಮನೆಗೆ ಬೇರೆ. ಅಡಿಗೆಯವರು ಬಂದಲ್ಲಿ ಆ ವ್ಯತ್ಯಾಸ ಉಳಿಯುವುದಿಲ್ಲ. ಹಾಗಾಗಿ ಒಂದು ಬಗೆಯನ್ನಾದರೂ ನಾವೇ ಮಾಡುತ್ತೇವೆಂದು ಮೊದಲೇ ಹೇಳಿಡುವುದು ಒಳ್ಳೆಯದು. ಅನಾನಸಿನ ಮೆಣಸುಕಾಯಿ ಎಂಬ ಗೊಜ್ಜನ್ನು ಹಿಂದಿನ ರಾತ್ರಿಯೇ ನಾನು ಮಾಡಿಟ್ಟೆ. ಹುಳಿ, ಬೆಲ್ಲ, ಎಳ್ಳು ಸೇರಿದ್ದರಿಂದ ಮರುದಿನಕ್ಕೆ ಅದರ ರುಚಿ ಏರುತ್ತದೆ. ಅದನ್ನು ಯಾರೂ ಬಾಯಿಬಿಟ್ಟು ಹೊಗಳಲಿಲ್ಲ, ಆದರೆ ಪಾತ್ರೆಯಲ್ಲಿ ಉಳಿಯಲೂ ಇಲ್ಲ.

ಶುಚಿತ್ವದಲ್ಲಿ ದೂರುವಂಥದ್ದೇನೂ ಕಾಣಲಿಲ್ಲ. ದೊಡ್ಡ ಬರ್ನರಿಗೆ 19 ಕಿಲೋದ ವಾಣಿಜ್ಯ ಸಿಲಿಂಡರನ್ನು ಅವರೇ ತಂದರು, ಮನೆಯ 14.2 ಕಿಲೋದ ಸಿಲಿಂಡರನ್ನು ಮುಟ್ಟಲಿಲ್ಲ. ತರಕಾರಿ ಹೆಚ್ಚುವುದನ್ನು ಮುಂಜಾನೆಯೇ ಮುಗಿಸಿದರೂ ತೆಂಗಿನಕಾಯಿ ಅರೆಯುವುದನ್ನು ಕೊನೆಗೇ ಇಟ್ಟುಕೊಂಡರು, ಏಕೆಂದರೆ ನಮ್ಮ ಕರಾವಳಿಯ ಸೆಕೆಯಲ್ಲಿ ಅರೆದ ಕಾಯಿ ಬೇಗನೆ ಹಳಸುತ್ತದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ಇಂಥ ಸಣ್ಣ ವ್ಯವಹಾರಗಳಿಗೂ ನೋಂದಣಿ ಬೇಕು. ಗೊತ್ತುಮಾಡುವ ಮೊದಲು ಅದನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.

ಯಾವುದು ಅವರ ಕೆಲಸ, ಯಾವುದು ನಮ್ಮದು ಎಂಬುದನ್ನು ಮಾತ್ರ ಸ್ಪಷ್ಟವಾಗಿ ಮಾತಾಡಿಕೊಳ್ಳಬೇಕು. ನಮ್ಮ ತಂಡದವರು ಅಡಿಗೆ ಮುಗಿಸಿ, ತಮ್ಮ ಕೊಪ್ಪರಿಗೆ, ಬಾಣಲೆಗಳನ್ನು ತೊಳೆದುಕೊಂಡು ಹೊರಟರು. ಬಡಿಸುವುದು, ಎಲೆ ತೆಗೆಯುವುದು, ಲೋಟ ತೊಳೆಯುವುದು ಅವರ ಒಪ್ಪಂದದಲ್ಲಿ ಇರಲಿಲ್ಲ. ಹಿಂದೆ ನೆರೆಕರೆಯವರು ಸೇರಿ ಮಾಡುತ್ತಿದ್ದ ಸುಧರಿಕೆಯ (ಬಡಿಸುವುದು ಮೊದಲಾದ ಓಡಾಟದ ಕೆಲಸಗಳ) ಆಧಾರದ ಮೇಲೆ ಈ ಪದ್ಧತಿ ನಿಂತಿದೆ, ಆದರೆ ಮಕ್ಕಳೆಲ್ಲ ಬೆಂಗಳೂರು ಸೇರಿರುವ ಇಂದಿನ ಮನೆಗಳಲ್ಲಿ ಸುಧರಿಕೆಗೆ ಜನ ಎಲ್ಲಿಂದ ಬರಬೇಕು? ಕೇರಳದಲ್ಲಿ 2020ರ ಜನವರಿಯಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕಿಗೆ ನಿಷೇಧವಿರುವುದರಿಂದ ಸ್ಟೀಲಿನ ಲೋಟಗಳನ್ನೇ ಬಾಡಿಗೆಗೆ ತರಿಸಿದ್ದೆವು, ಅವನ್ನು ತೊಳೆದು ಮುಗಿಸುವಾಗ ಸಂಜೆಯಾಯಿತು. ಬಡಿಸುವ ಜನರನ್ನೂ ಕರೆತನ್ನಿ ಎಂದು ಮೊದಲೇ ಹೇಳಿದರೆ ಅವರು ತರುತ್ತಾರೆ, ಸಂಬಳ ಬೇರೆ. ಮಳೆಗಾಲವಾದರೆ ಒಲೆ ಹೂಡಲು ಮಾಡಿನ ಕೆಳಗೆ ಜಾಗವನ್ನೂ ತೋರಿಸಬೇಕು.

ಖರ್ಚಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಕೇಟರಿಂಗಿನವರು ಎಲೆಗೆ ಇಷ್ಟು ಎಂದು ದರ ಹೇಳುತ್ತಾರೆ, ಇವರದ್ದು ದಿನದ ಸಂಬಳ, ಸಾಮಾನು ನಮ್ಮದು. ಹದಿನೈದು ಜನರಿಗೂ ಅದೇ ಸಂಬಳ, ಐವತ್ತು ಜನರಿಗೂ ಹೆಚ್ಚುಕಡಿಮೆ ಅದೇ. ಆದ್ದರಿಂದ ಎಲೆ ಇಪ್ಪತ್ತೈದಕ್ಕಿಂತ ಕಡಿಮೆಯಿದ್ದರೆ ಈ ಸೇವೆ ದುಬಾರಿಯಾಗಿಯೇ ತೋರುತ್ತದೆ. ಹತ್ತು ಹನ್ನೆರಡು ಜನ ಬರುವಾಗ ನಾನು ಈಗ ಅವರ ಚೀಟಿಯ ಲೆಕ್ಕವನ್ನೇ ಹಿಡಿದು, ಬಗೆಗಳನ್ನು ಕಡಿಮೆ ಮಾಡಿ, ಒಂದು ಸಾರು, ಒಂದು ಅವಿಲು, ಒಂದು ಸಾಸಮೆ (ಸಾಸಿವೆ, ಕಾಯಿ ಅರೆದು ಮಾಡುವ ಗೊಜ್ಜು), ಪಾಯಸ ಎಂದು ಮನೆಯಲ್ಲೇ ಮುಗಿಸುತ್ತೇನೆ. ಎದೆ ಈಗಲೂ ಡವಗುಟ್ಟುತ್ತದೆ, ಆದರೆ ಅನ್ನ ಸಾಲದೆ ಹೋದರೆ ಎಂಬ ಭಯವಿಲ್ಲ. ಐವತ್ತಕ್ಕಿಂತ ಹೆಚ್ಚಾದರೆ ಬಡಿಸುವವರು ಸಹಿತ ಬರುವ ಕೇಟರಿಂಗಿನವರೇ ಮೇಲು.

ಮೇಷ, ವೃಷಭ ಮಾಸಗಳಲ್ಲಿ (ಏಪ್ರಿಲ್ ಮಧ್ಯದಿಂದ ಜೂನ್ ಮಧ್ಯದವರೆಗೆ) ಮದುವೆಗಳ ಗಡಿಬಿಡಿ ಇರುವುದರಿಂದ ಇವರು ಸಿಗಬೇಕಾದರೆ ಬಹಳ ಮುಂಚೆ ಹೇಳಿಡಬೇಕು, ಆಗ ಇಪ್ಪತ್ತು ಎಲೆಯ ಊಟವನ್ನು ಒಪ್ಪುವುದೂ ಕಷ್ಟ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಸಮಾರಂಭಗಳಿಲ್ಲದೆ ಕೈ ಖಾಲಿಯಿರುತ್ತದೆ. ಸಣ್ಣ ಊಟಕ್ಕೂ ಬರುತ್ತಾರೆ, ಪತ್ರೊಡೆಯಂಥ ಮದುವೆಯ ಎಲೆಯಲ್ಲಿ ಕಾಣದ ಬಗೆಗಳನ್ನು ಮಾಡಿಕೊಡಲೂ ಒಪ್ಪುತ್ತಾರೆ. ಫೋನನ್ನು ರಾತ್ರಿ ಎಂಟರ ಮೇಲೆ ಮಾಡಬೇಕು, ಹಗಲಿನಲ್ಲಿ ಅವರು ಎತ್ತುವುದಿಲ್ಲ.