ಅಳಿಸಿಹೋದ ಡಾಕ್ಯುಮೆಂಟ್: ರೆಕುವಾ, ವಿನ್‌ಎಫ್‌ಆರ್, ಫೋಟೋರೆಕ್ ಹೋಲಿಕೆ

ಶಿಫ್ಟ್ ಹಿಡಿದು ಡಿಲೀಟ್ ಒತ್ತಿದ ಫೈಲ್‌ಗಾಗಲಿ, ಪೆನ್‌ಡ್ರೈವ್‌ನಿಂದ ಅಳಿಸಿದ್ದಕ್ಕಾಗಲಿ ರಿಸೈಕಲ್ ಬಿನ್ ಆಸರೆ ಇಲ್ಲ. ಆಗ ವಿಂಡೋಸ್‌ನಲ್ಲಿ ಕೈಗೆ ಸಿಗುವ ಮೂರು ಉಚಿತ ಸಾಧನಗಳನ್ನು ಹಾರ್ಡ್‌ಡಿಸ್ಕ್, ಪೆನ್‌ಡ್ರೈವ್, ಎಸ್‌ಎಸ್‌ಡಿ ಮೂರರ ಮೇಲೂ ಓಡಿಸಿ ನೋಡಿದಾಗ ಕಂಡದ್ದು ಇಷ್ಟು.

ಮೊದಲಿಗೆ, ಫೈಲ್ ಇದ್ದ ಡ್ರೈವ್‌ಗೆ ಏನನ್ನೂ ಬರೆಯಬೇಡಿ. ರಿಕವರಿ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವುದೂ ಬರೆಯುವುದೇ. ಎಷ್ಟೋ ಫೈಲ್‌ಗಳು ಹಾಳಾಗುವುದು ಅಲ್ಲೇ. ಇನ್ನೊಂದು ಕಂಪ್ಯೂಟರಿನಲ್ಲಿ ಇಳಿಸಿ, ಬೇರೆ ಪೆನ್‌ಡ್ರೈವ್‌ನಿಂದ ಓಡಿಸಿ.

ರೆಕುವಾ ಎಲ್ಲಕ್ಕಿಂತ ಸಲೀಸು. ಎನ್‌ಟಿಎಫ್‌ಎಸ್‌ನಲ್ಲಿ (ವಿಂಡೋಸ್ ಡ್ರೈವ್‌ಗಳಲ್ಲಿ ಫೈಲ್ ಜೋಡಿಸಿಡುವ ಪದ್ಧತಿ) ಫೈಲ್ ಅಳಿಸಿದಾಗ, ಫೈಲ್‌ಗಳ ವಿವರ ಬರೆದಿಡುವ ಕೋಷ್ಟಕದ ದಾಖಲೆಗೆ 'ಬಳಕೆಯಲ್ಲಿಲ್ಲ' ಎಂಬ ಗುರುತು ಬೀಳುತ್ತದೆ, ಅಷ್ಟೆ. ಹೆಸರು, ಅಳತೆ, ಡಿಸ್ಕ್ ಮೇಲಿನ ವಿಳಾಸ ಹಾಗೇ ಉಳಿದಿರುತ್ತವೆ. ರೆಕುವಾ ಅದನ್ನೇ ಓದುವುದರಿಂದ ಫೈಲ್ ಹೆಸರಿನ ಸಮೇತ ಬರುತ್ತದೆ. ಆದರೆ ಪಕ್ಕದ ಹಸಿರು ಚುಕ್ಕೆಯನ್ನು ಪೂರ್ತಿ ನಂಬಬೇಡಿ. ಆ ಜಾಗದಲ್ಲಿ ಬೇರೆ ಫೈಲ್ ಕೂತಿಲ್ಲ ಎನ್ನುವುದಷ್ಟೇ ಅದರ ಅರ್ಥ. ಎಸ್‌ಎಸ್‌ಡಿಯಲ್ಲಿ ಅಳಿಸಿದ ಕೂಡಲೇ ವಿಂಡೋಸ್ ಟ್ರಿಮ್ ಆದೇಶ (ಆ ಜಾಗದಲ್ಲಿರುವುದು ಇನ್ನು ಬೇಡ ಎಂಬ ಸೂಚನೆ) ಕಳಿಸುತ್ತದೆ. ಆಮೇಲೆ ಆ ಜಾಗ ಓದಿದರೆ ಸಾಮಾನ್ಯವಾಗಿ ಬರುವುದು ಬರೀ ಸೊನ್ನೆ. ಚುಕ್ಕೆ ಮಾತ್ರ ಹಸಿರಾಗಿಯೇ ಇರುತ್ತದೆ! ಅಡ್ವಾನ್ಸ್ಡ್ ಮೋಡ್‌ನ ಹೆಡರ್ ಟ್ಯಾಬ್ ತೆರೆದು ಫೈಲಿನ ಆರಂಭದ ಭಾಗ ನೋಡಿ. ಡಾಕ್ಸ್ ಫೈಲ್ (ಈಗಿನ ವರ್ಡ್ ಕಡತ, .docx) ಅಂದರೆ ನಿಜಕ್ಕೂ ಒಂದು ಜಿಪ್, ಅಂದರೆ ಹಲವು ಫೈಲ್‌ಗಳನ್ನು ಕುಗ್ಗಿಸಿ ಕಟ್ಟಿದ ಗಂಟು, ಹಾಗಾಗಿ ಆರಂಭದಲ್ಲೇ 'ಪಿಕೆ' ಎಂಬ ಎರಡಕ್ಷರ ಕಾಣಬೇಕು (ಜಿಪ್ ರೂಪಿಸಿದ ಫಿಲ್ ಕಾಟ್ಜ್ ಅವರ ಇನಿಷಿಯಲ್). ಸಾಲುಸಾಲು 00 ಇದ್ದರೆ ಸಮಯ ಕಳೆಯಬೇಡಿ.

ಮೈಕ್ರೋಸಾಫ್ಟ್‌ನದೇ ಆದ ವಿಂಡೋಸ್ ಫೈಲ್ ರಿಕವರಿ, ಅಂದರೆ ವಿನ್‌ಎಫ್‌ಆರ್, ವಿಂಡೋಸ್ 10ರ 2004 ಆವೃತ್ತಿಯಿಂದೀಚೆಗೆ ಮಾತ್ರ ನಡೆಯುತ್ತದೆ. ಬಟನ್‌ಗಳಿಲ್ಲ, ಕಮಾಂಡ್ ಟೈಪ್ ಮಾಡಬೇಕು: ಮೂಲ ಡ್ರೈವ್, ಗುರಿ ಡ್ರೈವ್, ಮೋಡ್, ಕೊನೆಗೆ ಸ್ಲ್ಯಾಶ್ ಎನ್ ಜೊತೆಗೆ ಹುಡುಕಬೇಕಾದ ಹಾದಿ. ಫೋಲ್ಡರ್ ಹಾದಿಯ ತುದಿಯಲ್ಲಿ ಬ್ಯಾಕ್‌ಸ್ಲ್ಯಾಶ್ ಹಾಕಲು ಮರೆತರೆ ಅದನ್ನು ಫೈಲ್ ಹೆಸರೆಂದುಕೊಂಡು ಬರಿಗೈಲಿ ವಾಪಸಾಗುತ್ತದೆ. ಎನ್‌ಟಿಎಫ್‌ಎಸ್‌ನಲ್ಲಿ ಇತ್ತೀಚೆಗೆ ಅಳಿಸಿದ್ದಕ್ಕೆ ರೆಗ್ಯುಲರ್ ಮೋಡ್ ಸಾಕು. ಫ್ಯಾಟ್ ಎಂಬ ಇನ್ನೊಂದು ಪದ್ಧತಿಯ ಪೆನ್‌ಡ್ರೈವ್‌ಗೆ ಎಕ್ಸ್‌ಟೆನ್ಸಿವ್ ಮೋಡ್ ಬೇಕು. ಗುರಿ ಡ್ರೈವ್ ಬೇರೆಯೇ ಇರಬೇಕೆಂದು ಹಟ ಹಿಡಿಯುವುದು ಇದರ ದೊಡ್ಡ ಗುಣ. ಮುನ್ನೋಟ ಇಲ್ಲದ್ದು ಕೊರತೆ.

ಫೋಟೋರೆಕ್ ಹೆಸರಿಗಷ್ಟೇ ಫೋಟೋದ್ದು. ಕೋಷ್ಟಕವನ್ನು ನೆಚ್ಚದೆ, ಫೈಲ್‌ಗಳ ಆರಂಭದ ಗುರುತು ಹುಡುಕುತ್ತಾ ಹೋಗುತ್ತದೆ. ಫಾರ್ಮ್ಯಾಟ್ ಆದ ಡ್ರೈವ್‌ನಲ್ಲಿ ಉಳಿದೆರಡು ಕೈಚೆಲ್ಲಿದ ಮೇಲೂ ಇದು ಫೈಲ್ ತೆಗೆದುಕೊಟ್ಟಿತು. ಆದರೆ ಹೆಸರು ಹೋಗಿ, ಡಿಸ್ಕ್ ಮೇಲಿನ ಸೆಕ್ಟರ್ (ಜಾಗದ ತುಣುಕು) ಸಂಖ್ಯೆಯೇ ಹೆಸರಾಗಿ, ನೂರಾರು ಫೈಲ್‌ಗಳ ರಾಶಿ ಬೀಳುತ್ತದೆ. ರಾಶಿ ತಗ್ಗಿಸಲು ಫೈಲ್ ಆಪ್ಟ್ ಮೆನುವಿನಲ್ಲಿ 'ಎಸ್' ಒತ್ತಿ ಎಲ್ಲ ಟಿಕ್ ತೆಗೆದು, ಬೇಕಾದ್ದನ್ನಷ್ಟೇ ಹಾಕಿ. ಡಾಕ್ಸ್ ಬೇಕಿದ್ದರೆ ಜಿಪ್ ಟಿಕ್ ಮಾಡಬೇಕು. ಡಾಕ್ ಎಂದಿರುವುದು ಹಳೇ ವರ್ಡ್ ಫೈಲ್‌ಗೆ. ಆಮೇಲೆ ಹೋಲ್ (ಇಡೀ ಡ್ರೈವ್) ಬಿಟ್ಟು ಫ್ರೀ (ಖಾಲಿ ಎಂದು ಗುರುತಾದ ಜಾಗ ಮಾತ್ರ) ಆರಿಸಿ. ಫೈಲ್ ಚೂರುಚೂರಾಗಿ ಹರಡಿದ್ದರೆ ಇದಕ್ಕೆ ಜೋಡಿಸುವುದು ಕಷ್ಟ.

ಸಿಕ್ಕ ಡಾಕ್ಸ್ ತೆರೆಯದಿದ್ದರೆ ಎಸೆಯಬೇಡಿ. ಜಿಪ್‌ನ ಪರಿವಿಡಿ ಫೈಲಿನ ಕೊನೆಯಲ್ಲಿರುವುದರಿಂದ ಬಾಲ ಕತ್ತರಿಸಿದರೂ ವರ್ಡ್ ಮುನಿಸಿಕೊಳ್ಳುತ್ತದೆ. ಮೊದಲು ವರ್ಡ್‌ನ ಓಪನ್ ಅಂಡ್ ರಿಪೇರ್. ಆಗದಿದ್ದರೆ 7-ಜಿಪ್‌ನಲ್ಲಿ ತೆರೆದು, ವರ್ಡ್ ಫೋಲ್ಡರ್‌ನೊಳಗಿನ ಡಾಕ್ಯುಮೆಂಟ್ ಎಕ್ಸ್‌ಎಂಎಲ್ ಬಂದರೆ ಪಠ್ಯವಾದರೂ ಉಳಿಯುತ್ತದೆ.

ಹಾರ್ಡ್‌ಡಿಸ್ಕ್‌ಗೆ ನಮ್ಮ ಆಯ್ಕೆ ರೆಕುವಾ, ಡ್ರೈವ್ ಕೆಟ್ಟಿದ್ದರೆ ಅಥವಾ ಫಾರ್ಮ್ಯಾಟ್ ಆಗಿದ್ದರೆ ಫೋಟೋರೆಕ್. ಹೊರಗಿನ ಸಾಫ್ಟ್‌ವೇರ್‌ಗೆ ಅನುಮತಿ ಇಲ್ಲದ ಕಡೆ ವಿನ್‌ಎಫ್‌ಆರ್. ಕಂಪ್ಯೂಟರಿನೊಳಗಿನ ಎಸ್‌ಎಸ್‌ಡಿ ಆದರೆ ಮೂರನ್ನೂ ಬದಿಗಿಟ್ಟು, ಫೈಲ್ ಒನ್‌ಡ್ರೈವ್‌ನಲ್ಲಿ (ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹ) ಇದ್ದಿದ್ದರೆ ಅದರ ಆನ್‌ಲೈನ್ ಬಿನ್ ನೋಡಿ. ವೈಯಕ್ತಿಕ ಖಾತೆಯಲ್ಲಿ ಅಳಿಸಿದ್ದು ಸಾಮಾನ್ಯವಾಗಿ 30 ದಿನ ಅಲ್ಲಿರುತ್ತದೆ. ಸೇವ್ ಮಾಡದೆ ಮುಚ್ಚಿದ ಕಡತವಾದರೆ ವರ್ಡ್‌ನ ಫೈಲ್, ಇನ್ಫೋ, ಮ್ಯಾನೇಜ್ ಡಾಕ್ಯುಮೆಂಟ್, ರಿಕವರ್ ಅನ್‌ಸೇವ್ಡ್ ಡಾಕ್ಯುಮೆಂಟ್ಸ್.