ಲಾನ್‌ಗೆ ಗರಿಕೆ ಬೀಜದ ಪ್ಯಾಕೆಟ್: ಬೀಜ ಚೆನ್ನಾಗಿದೆ, ಹಿಂದೆ ಬರೆದಿರೋ ವಿಧಾನ ನಂಬ್ಬೇಡಿ

ಅರ್ಧ ಕೆಜಿದು ಎರಡು ಪ್ಯಾಕೆಟ್ ತಗೊಂಡಿದ್ದೆ. ಮುಂದೆ ಬರ್ಮುಡಾ ಅಂತ ದೊಡ್ಡಕ್ಷರದಲ್ಲಿ ಇರುತ್ತೆ, ಅಂದ್ರೆ ಗರಿಕೆನೇ, ಲಾನ್‌ಗೆ ಅಂತ ಆರಿಸಿ ಬೆಳೆಸಿರೋ ತಳಿ. ಮನೆ ಹಿಂದೆ 15 ಅಡಿ ಅಗಲ 20 ಅಡಿ ಉದ್ದದ ಜಾಗ ಇದೆ, ಮಕ್ಕಳು ದಿನಾ ಆಡ್ತಾರೆ, ನಾಯಿ ಓಡಾಡುತ್ತೆ, ಮಧ್ಯಾಹ್ನ ಪೂರ್ತಿ ಬಿಸಿಲು, ಹಾಗಾಗಿ ತುಳಿದ್ರೂ ಸಾಯದಿರೋ ಹುಲ್ಲೇ ಬೇಕಿತ್ತು. ಈಗ ಅದು ನಿಂತು ನಾಲ್ಕು ತಿಂಗಳಾಯ್ತು, ಅದಕ್ಕೇ ಧೈರ್ಯವಾಗಿ ಬರೀತಿದೀನಿ, ಹದಿನೈದು ದಿನಕ್ಕೆ ಬರೆದಿದ್ರೆ ಈ ರಿವ್ಯೂ ಬೇರೆನೇ ಆಗಿರ್ತಿತ್ತು.

ಯಾಕಂದ್ರೆ ಮೊದಲನೇ ಪ್ಯಾಕೆಟ್ ಪೂರ್ತಿ ದಂಡ ಆಯ್ತು. ಹಿಂದಗಡೆ ಮೂರೇ ಸಾಲು ಇರೋದು: ಮಣ್ಣು ಸಡಿಲ ಮಾಡಿ, ಬೀಜ ಚೆಲ್ಲಿ, ನೀರು ಹಾಕಿ. ಅಷ್ಟೇ ಮಾಡ್ದೆ. ಆಗ ಚಳಿ ಇನ್ನೂ ಬಿಟ್ಟಿರ್ಲಿಲ್ಲ, ಬೆಳಿಗ್ಗೆ ಮಣ್ಣು ಮುಟ್ಟಿದ್ರೆ ಕೈ ತಣ್ಣಗಾಗ್ತಿತ್ತು. ಗರಿಕೆ ಜಾತಿ ಹುಲ್ಲಿಗೆ ಮಣ್ಣೇ ಬೆಚ್ಚಗಿರ್ಬೇಕು, ಕಮ್ಮಿ ಅಂದ್ರೂ 18-20 ಡಿಗ್ರಿ, 24 ದಾಟಿದ್ರೆ ಇನ್ನೂ ಒಳ್ಳೇದು, ಅದಕ್ಕಿಂತ ತಣ್ಣಗಿದ್ರೆ ಬೀಜ ಸುಮ್ನೆ ಮಣ್ಣಲ್ಲಿ ಕೂತಿರುತ್ತೆ, ಅಷ್ಟರೊಳಗೆ ಇರುವೆ ಹೊತ್ಕೊಂಡು ಹೋಗುತ್ತೆ, ಕೊಳೆಯೋದು ಕೊಳೆಯುತ್ತೆ. ಈ ಒಂದು ವಿಷಯ ಪ್ಯಾಕೆಟ್ ಮೇಲೆ ಎಲ್ಲೂ ಇಲ್ಲ, ಯಾವಾಗ ಬೇಕಾದ್ರೂ ಬಿತ್ತಬಹುದು ಅಂತ ಬೇರೆ ಬರ್ದಿದಾರೆ. ನನ್ನ ಪ್ರಕಾರ ಇದು ದೊಡ್ಡ ತಪ್ಪು, ತಿಂಗಳುಗಟ್ಟಲೆ ಕಾದಿರೋರ ಆಸೆಗೆ ನೀರು ಎರಚೋ ಕೆಲಸ.

ಇನ್ನೊಂದು, ದಯವಿಟ್ಟು ಲೇಬಲ್ ಓದಿ. ಈ ಬೀಜ ಹಸಿರು ಬಣ್ಣದ ಪುಟ್ಟ ಗುಳಿಗೆ ತರ ಇರುತ್ತೆ, ಅದು ಬೀಜದ ಬಣ್ಣ ಅಲ್ಲ, ಕೋಟಿಂಗ್. ನಾಲ್ಕು ಕಾಳು ಅಂಗೈ ಮೇಲೆ ಹಾಕ್ಕೊಂಡು ಎರಡು ಹನಿ ನೀರು ಬಿಟ್ಟು ಬೆರಳಲ್ಲಿ ಉಜ್ಜಿದೆ, ಹಸಿರು ಪೂರ್ತಿ ಕರಗಿ ಒಳಗಿಂದ ರಾಗಿಗಿಂತ ಸಣ್ಣ, ಉದ್ದುದ್ದ, ಕಂದು ಬೀಜ ಬಂತು. ಲೇಬಲ್‌ನಲ್ಲಿ ಶುದ್ಧ ಬೀಜ 49%, ಕೋಟಿಂಗ್ 50%, ಉಳಿದ ಕಸಕಡ್ಡಿ 1%, ಮೊಳಕೆ ಪ್ರಮಾಣ 85% ಅಂತಿದೆ. ಅಂದ್ರೆ 500 ಗ್ರಾಂನಲ್ಲಿ ಬೀಜ 245 ಗ್ರಾಂ, ಅದರಲ್ಲಿ ಮೊಳೆಯೋದು ಸುಮಾರು 208 ಗ್ರಾಂ. ಕೋಟಿಂಗ್ ಇಲ್ಲದ, ಸಿಪ್ಪೆ ತೆಗೆದ ಗರಿಕೆ ಬೀಜ 1000 ಚದರ ಅಡಿಗೆ ಅರ್ಧ ಕೆಜಿಯಿಂದ ಒಂದು ಕೆಜಿ ಹತ್ರ ಬೇಕಾಗುತ್ತೆ, ಆ ಲೆಕ್ಕದಲ್ಲಿ ನನ್ನ 300 ಚದರ ಅಡಿಗೆ ಒಂದು ಪ್ಯಾಕೆಟ್ ಸರಿಹೋಯ್ತು. ಆದ್ರೆ ಪ್ಯಾಕೆಟ್ ಮೇಲಿನ ಪ್ರಕಾರ ಇದೇ ಒಂದು ಪ್ಯಾಕೆಟ್ 1000 ಚದರ ಅಡಿಗೆ ಸಾಕಂತೆ! ಅಷ್ಟು ತೆಳ್ಳಗೆ ಹಾಕಿದ್ರೆ ಹುಲ್ಲಿಗಿಂತ ಮುಂಚೆ ಕಳೆ ಬಂದು ಕೂರುತ್ತೆ. ಕೋಟಿಂಗ್ ಮೋಸ ಅಂತ ಹೇಳ್ತಿಲ್ಲ, ಅದು ಬೀಜದ ಸುತ್ತ ತೇವ ಹಿಡಿಯುತ್ತೆ, ಗಾಳಿಗೆ ಹಾರಲ್ಲ, ಎಲ್ಲಿ ಬಿತ್ತು ಎಲ್ಲಿ ಬೀಳ್ಲಿಲ್ಲ ಅಂತ ಕಣ್ಣಿಗೂ ಕಾಣುತ್ತೆ. ಈ ಕೋಟಿಂಗ್‌ನಲ್ಲಿ ಶಿಲೀಂಧ್ರನಾಶಕನೂ ಇದೆ, ಹಾಗಾಗಿ ಗ್ಲೌಸ್ ಹಾಕ್ಕೊಳ್ಳಿ, ಮಕ್ಕಳ ಕೈಗೆ ಕೊಡ್ಬೇಡಿ.

ಮೊದಲನೇ ಸಲ ಕೈಕೊಟ್ಟ ಮೇಲೆ ಬೀಜನೇ ಸತ್ತಿದ್ಯಾ ಅಂತ ಅನುಮಾನ ಬಂತು. ಎರಡನೇ ಪ್ಯಾಕೆಟ್‌ನಿಂದ 100 ಕಾಳು ಎಣಿಸಿ ಒದ್ದೆ ಟಿಶ್ಯೂ ಮೇಲೆ ಹರಡಿ, ಪ್ಲಾಸ್ಟಿಕ್ ಕವರ್‌ನಲ್ಲಿಟ್ಟು ಅಡುಗೆಮನೆಯ ಬೆಚ್ಚಗಿರೋ ಮೂಲೇಲಿ ಇಟ್ಟೆ. ಆರನೇ ದಿನ ಬಿಳಿ ಬೇರು ದಾರದ ಎಳೆ ತರ ಹೊರಗೆ ಬಂದಿತ್ತು, ಹದಿನಾಲ್ಕು ದಿನಕ್ಕೆ 81 ಮೊಳೆತಿದ್ವು. ಬೀಜ ಸತ್ಯವಾಗಿಯೇ ಚೆನ್ನಾಗಿದೆ ಅಂತ ಆವತ್ತು ಗೊತ್ತಾಯ್ತು. ಯಾವ ಕಂಪನಿದೇ ತಗೊಂಡ್ರೂ ಈ ಟೆಸ್ಟ್ ಮಾಡಿ, ಖರ್ಚಿಲ್ಲ.

ಎರಡನೇ ಸಲ ಆತುರ ಪಡ್ಲಿಲ್ಲ. ಸೆಕೆ ಶುರುವಾದ ಮೇಲೆ ಜಾಗನ ನಾಲ್ಕಿಂಚು ಅಗೆದು, ಹೆಂಟೆ ಒಡೆದು, ಕಲ್ಲು ಆರಿಸಿ ಮಟ್ಟ ಮಾಡಿ, ಬೀಜ ಹಾಕದೇ ಎರಡು ವಾರ ಬರೀ ನೀರು ಬಿಟ್ಟೆ. ಒಳಗಿದ್ದ ಕಳೆ ಬೀಜ ಎಲ್ಲಾ ಮೇಲೆದ್ದು ಬಂತು, ಅದನ್ನ ಮೇಲುಮೇಲಕ್ಕೆ ಕೆರೆದು ತೆಗೆದೆ. ಮತ್ತೆ ಆಳಕ್ಕೆ ಅಗೀಬಾರ್ದು, ಅಗೆದ್ರೆ ಕೆಳಗಿರೋ ಹೊಸ ಕಳೆ ಬೀಜ ಮೇಲಕ್ಕೆ ಬರುತ್ತೆ. ಕಳೆ ಮೊಳೆಯದ ಹಾಗೆ ಮಾಡೋ ಔಷಧಿ ಈ ಹೊತ್ತಲ್ಲಿ ಬೇಡವೇ ಬೇಡ, ಅದಕ್ಕೆ ಗರಿಕೆ ಬೀಜ ಯಾವ್ದು ಕಳೆ ಬೀಜ ಯಾವ್ದು ಅಂತ ಭೇದ ಇಲ್ಲ.

ಆಮೇಲೆ ಮಣ್ಣು ಗಟ್ಟಿ ಮಾಡೋದು. ಇದನ್ನ ಯಾರೂ ಹೇಳಲ್ಲ. ಹಿಮ್ಮಡಿ ಊರಿದ್ರೆ ಅರ್ಧ ಇಂಚಿಗಿಂತ ಜಾಸ್ತಿ ಇಳೀಬಾರ್ದು, ಇಳಿದ್ರೆ ಮಣ್ಣು ಇನ್ನೂ ಪೊಳ್ಳು. ಬೀಜಕ್ಕೆ ಎರಡರಷ್ಟು ಒಣ ಮರಳು ಬೆರೆಸಿ ಎರಡು ಪಾಲು ಮಾಡ್ದೆ, ಒಂದನ್ನ ಉದ್ದಕ್ಕೆ ನಡೀತಾ ಚೆಲ್ಲಿದೆ, ಇನ್ನೊಂದನ್ನ ಅಡ್ಡಕ್ಕೆ. ರೇಕ್ ತಿರುಗಿಸಿ ಅದರ ಬೆನ್ನಲ್ಲಿ ಹಗುರವಾಗಿ ಎಳೆದೆ, ಕಾಲು ಇಂಚಿಗಿಂತ ಕೆಳಗೆ ಹೋದ್ರೆ ಇಷ್ಟು ಸಣ್ಣ ಬೀಜಕ್ಕೆ ಮೇಲೆ ಬರೋ ಶಕ್ತಿ ಇರಲ್ಲ, ಅಲ್ಲಲ್ಲಿ ಹಸಿರು ಕಾಳು ಮೇಲೇ ಕಾಣ್ತಿದ್ರೂ ಪರವಾಗಿಲ್ಲ. ಕೊನೆಗೆ ಅಗಲವಾದ ಹಲಗೆ ಇಟ್ಟು ಅದರ ಮೇಲೆ ನಿಂತು ನಿಂತು ಜಾಗ ಪೂರ್ತಿ ಒತ್ತಿದೆ, ರೋಲರ್ ಇದ್ರೆ ಇನ್ನೂ ಸುಲಭ.

ನೀರು ಹಾಕೋದ್ರಲ್ಲೇ ಇದೆ ಎಲ್ಲಾ. ಪೈಪ್ ಬಾಯಿಂದ ನೇರ ಬಿಟ್ರೆ ಬೀಜ ಎಲ್ಲಾ ತೇಲಿ ಒಂದೇ ಮೂಲೆಗೆ ಹೋಗುತ್ತೆ, ಮಂಜಿನ ಹಾಗೆ ಬೀಳೋ ನಾಝಲ್ ಬೇಕು. ದಿನಕ್ಕೆ ಮೂರು ಸಲ, ಬಿಸಿಲು ಜೋರಿದ್ದ ದಿನ ನಾಲ್ಕು ಸಲ, ಮೇಲಿನ ಅರ್ಧ ಇಂಚು ಒದ್ದೆ ಇರೋಷ್ಟು ಮಾತ್ರ. ಮೊಳಕೆ ಬಿಟ್ಟ ಬೀಜ ಒಂದೇ ಮಧ್ಯಾಹ್ನ ಪೂರ್ತಿ ಒಣಗಿದ್ರೂ ಸಾಯುತ್ತೆ, ಮತ್ತೆ ನೀರು ಹಾಕಿದ್ರೆ ಎದ್ದೇಳಲ್ಲ. ಹಾಗಂತ ನೀರು ಮಡುಗಟ್ಟಿ ನಿಂತ್ರೂ ಕಷ್ಟ, ನಲ್ಲಿ ಹತ್ರ ತಗ್ಗಿದ್ದ ಕಡೆ ಸಸಿಗಳು ಬುಡದಲ್ಲೇ ಕೊಳೆತು ಮಲಗಿಬಿಟ್ವು, ಅಲ್ಲಿ ಮಣ್ಣು ಏರಿಸಿ ಮತ್ತೆ ಬಿತ್ತಬೇಕಾಯ್ತು.

ಎಂಟನೇ ದಿನ ಬೆಳಿಗ್ಗೆ ನಿಂತು ನೋಡಿದ್ರೆ ಏನೂ ಇಲ್ಲ, ಬರೀ ಮಣ್ಣು. ಮಂಡಿ ಊರಿ ಕೆನ್ನೆ ನೆಲಕ್ಕೆ ತಾಗೋ ಹಾಗೆ ಬಗ್ಗಿ ಓರೆಯಾಗಿ ನೋಡ್ದಾಗ ಇಡೀ ಜಾಗದ ಮೇಲೆ ತೆಳು ಹಸಿರು ಹೊಗೆ ಕೂತ ಹಾಗಿತ್ತು, ಒಂದೊಂದು ಎಳೆ ತುದೀಲೂ ನೀರಿನ ಹನಿ. ಅಷ್ಟು ಖುಷಿ ನನಗೆ ಗಿಡದ ವಿಷಯದಲ್ಲಿ ಬೇರೆ ಯಾವಾಗ್ಲೂ ಆಗಿಲ್ಲ. ಐದನೇ ವಾರಕ್ಕೆ ಬಳ್ಳಿ ಓಡೋಕೆ ಶುರು, ಗೆಣ್ಣು ಗೆಣ್ಣಿಗೂ ಬೇರು ಬಿಟ್ಕೊಂಡು ಬೋಳು ಜಾಗ ಎಲ್ಲಾ ತಾನೇ ತುಂಬಿಸ್ತು. ಗರಿಕೆ ತಗೊಳ್ಳೋಕೆ ಇದೇ ಕಾರಣ, ನಾಯಿ ಕೆರೆದ್ರೂ ಮಕ್ಕಳು ತುಳಿದ್ರೂ ಪಕ್ಕದಿಂದ ಬಂದು ಮುಚ್ಚುತ್ತೆ. ಹುಲ್ಲು ಎರಡಿಂಚು ದಾಟಿದ ಮೇಲೆ ಮೊದಲ ಸಲ ಕತ್ತರಿಸಿದ್ದು, ಬ್ಲೇಡ್ ಚೂಪು ಮಾಡಿಸಿ, ಮೇಲಿನ ಮೂರನೇ ಒಂದು ಭಾಗ ಮಾತ್ರ. ಅಷ್ಟೊತ್ತಿಗೆ ನೀರನ್ನೂ ಎರಡು ದಿನಕ್ಕೊಮ್ಮೆ, ಆಳಕ್ಕೆ ಇಳಿಯೋ ಹಾಗೆ ಬದಲಾಯಿಸಿದ್ದೆ, ಬೇರು ನೀರು ಹುಡುಕ್ಕೊಂಡು ಕೆಳಗೆ ಹೋಗ್ಲಿ ಅಂತ. ಆಟ ಆಡೋಕೆ ಬಿಟ್ಟಿದ್ದು ಮೂರು ತಿಂಗಳ ಮೇಲೆ.

ನೆರಳಲ್ಲೂ ಸೊಂಪಾಗಿ ಬೆಳೆಯುತ್ತೆ ಅಂತ ಪ್ಯಾಕೆಟ್ ಮುಂದೆ ಬರ್ದಿರೋದು ಶುದ್ಧ ಸುಳ್ಳು. ಮರದ ಕೆಳಗೆ ಹಾಕಿದ್ದು ಮೊಳೆಯಿತು, ಉದ್ದುದ್ದ ಸಣಕಲಾಗಿ ಎದ್ದು ಒಂದೂವರೆ ತಿಂಗಳಲ್ಲಿ ಹೋಯ್ತು. ಗರಿಕೆಗೆ ದಿನಕ್ಕೆ ಆರೇಳು ಗಂಟೆ ನೇರ ಬಿಸಿಲು ಬೇಕೇ ಬೇಕು. ಹೂವಿನ ಪಾತಿ ಪಕ್ಕದಲ್ಲಿದ್ರೆ ನಡುವೆ ಇಟ್ಟಿಗೆ ಅಂಚು ಕಟ್ಟಿ, ಇಲ್ಲಾಂದ್ರೆ ಮಣ್ಣೊಳಗಿಂದ್ಲೇ ನುಗ್ಗುತ್ತೆ. ಚಳಿ ಜಾಸ್ತಿ ಇರೋ ಕಡೆ ಇದು ಚಳಿಗಾಲ ಪೂರ್ತಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿ ಮಲಗುತ್ತೆ, ಅಂಥವರು ಚಳಿ ತಡೆಯೋ ಟಾಲ್ ಫೆಸ್ಕ್ಯೂ, ರೈ ಗ್ರಾಸ್ ಅನ್ನೋ ಹುಲ್ಲುಗಳ ಮಿಶ್ರಣ ನೋಡಿ.

ಬೀಜಕ್ಕೆ 5ಕ್ಕೆ 5, ಪ್ಯಾಕೆಟ್ ಮೇಲಿನ ಮಾತಿಗೆ 1. ಒಟ್ಟಾರೆ ಮತ್ತೆ ತಗೊಳ್ತೀನಾ ಅಂದ್ರೆ ಹೌದು, ತಗೊಳ್ತೀನಿ. ತೇಪೆ ಹಾಕೋಕೆ ಅಂತ ಒಂದು ಹಿಡಿ ಉಳಿಸಿ, ಗಾಳಿಯಾಡದ ಡಬ್ಬೀಲಿ ತಂಪಾದ ಒಣ ಜಾಗದಲ್ಲಿಡಿ, ಡಬ್ಬಿ ಮೇಲೆ ಪ್ಯಾಕೆಟ್‌ನ ತಾರೀಖು ಬರ್ದಿಡೋದು ಮರೀಬೇಡಿ.